ಕೆಟ್ಟ ದಿನದಲ್ಲಿ ಮಾತನಾಡುವ ಕೆಲಸ
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ವಿಮಾನದ ಕೆಲಸ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಪೈಲಟ್, ಗಗನಸಖಿ, ಇಲ್ಲವೇ ಕೌಂಟರಿನಲ್ಲಿ ಟಿಕೆಟ್ ನೋಡುವವರು. ನಾವು ದುಡಿದದ್ದು ಇನ್ನೊಂದು ವಿಭಾಗದಲ್ಲಿ, ಸಾರ್ವಜನಿಕ ಸಂಪರ್ಕದಲ್ಲಿ. ಕಂಪನಿಯ ಪರವಾಗಿ ಪತ್ರಿಕೆಗಳಿಗೆ, ಪ್ರಯಾಣಿಕರಿಗೆ, ಸ್ವಂತ ಸಿಬ್ಬಂದಿಗೆ ವಿಷಯ ತಿಳಿಸುವುದು ಈ ಕೆಲಸ. ಹೊಸ ಮಾರ್ಗ ಆರಂಭವಾದರೆ ಪ್ರಕಟಣೆ ಬರೆಯುತ್ತೇವೆ. ವರದಿಗಾರರ ಪ್ರಶ್ನೆಗೆ ಉತ್ತರ ಹುಡುಕುತ್ತೇವೆ. ಸುಳ್ಳು ಸುದ್ದಿ ಹರಡಿದರೆ ನಿಜ ತಿಳಿಸುತ್ತೇವೆ.

ಇದರಲ್ಲಿ ಸೊಗಸಾದ ಭಾಗವೂ ಇದೆ. ಏರ್ ಇಂಡಿಯಾದ ಮಹಾರಾಜನನ್ನು ನೋಡದವರು ಯಾರು? 1946ರಲ್ಲಿ ಕಂಪನಿಯ ಅಧಿಕಾರಿ ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ ಸೇರಿ ಅವನನ್ನು ರೂಪಿಸಿದರು. ಆದರೆ ಈ ಉದ್ಯೋಗದ ನಿಜವಾದ ಪರೀಕ್ಷೆ ನಡೆಯುವುದು ಕೆಟ್ಟ ದಿನದಲ್ಲಿ.

2010ರ ಮೇ 22ರ ಮುಂಜಾನೆಯನ್ನು ನಮ್ಮ ಕರಾವಳಿ ಮರೆತಿಲ್ಲ. ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು, ಬದುಕುಳಿದವರು 8 ಮಂದಿ. ಅಂಥ ಗಳಿಗೆಯಲ್ಲಿ ಮನೆಯವರಿಗೆ ಇರುವುದು ಒಂದೇ ಪ್ರಶ್ನೆ: ನಮ್ಮವನು ಎಲ್ಲಿ? ಆಗ ಯಾವುದೇ ಕಂಪನಿ ಮೊದಲು ಹೇಳಬೇಕಾದುದು ವಿಮಾನದ ಸಂಖ್ಯೆ, ಎಲ್ಲಿಂದ ಎಲ್ಲಿಗೆ ಹೊರಟಿತ್ತು, ಒಳಗೆ ಎಷ್ಟು ಜನರಿದ್ದರು, ಯಾವ ನಂಬರಿಗೆ ಫೋನ್ ಮಾಡಬೇಕು. ಹೆಸರುಗಳು ಮೊದಲು ಮನೆಯವರಿಗೆ, ಆಮೇಲೆ ಪತ್ರಿಕೆಗೆ. ಅಪಘಾತದ ಕಾರಣವನ್ನು ನಾವು ಊಹಿಸಿ ಹೇಳುವಂತಿಲ್ಲ. ಅದನ್ನು ತನಿಖೆ ಮಾಡುವವರು ಬೇರೆ ಇದ್ದಾರೆ.

ಮಾತು ಹೇಗಿರಬೇಕು ಎಂಬುದಕ್ಕೆ ಎರಡು ಉದಾಹರಣೆ. 2014ರ ಡಿಸೆಂಬರ್ 28ರಂದು ಸುರಬಾಯದಿಂದ ಸಿಂಗಾಪುರಕ್ಕೆ ಹೊರಟ ಏರ್ ಏಷ್ಯಾ ವಿಮಾನ 162 ಜನರೊಂದಿಗೆ ಸಮುದ್ರಕ್ಕೆ ಬಿತ್ತು. ಮುಖ್ಯಸ್ಥ ಟೋನಿ ಫರ್ನಾಂಡಿಸ್ ಅಂದೇ ಸುರಬಾಯಕ್ಕೆ ಹೋಗಿ ಕುಟುಂಬಗಳ ಮುಂದೆ ನಿಂತರು. 2017ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಯುನೈಟೆಡ್ ವಿಮಾನದಿಂದ ಒಬ್ಬ ಪ್ರಯಾಣಿಕರನ್ನು ಎಳೆದು ಹೊರಹಾಕಿದರು. ಕಂಪನಿಯ ಮುಖ್ಯಸ್ಥರ ಮೊದಲ ಹೇಳಿಕೆ, ಪ್ರಯಾಣಿಕರಿಗೆ ಬದಲಿ ವ್ಯವಸ್ಥೆ ಮಾಡಬೇಕಾಗಿ ಬಂದುದಕ್ಕೆ ವಿಷಾದಿಸಿತು. ಜನರ ಸಿಟ್ಟು ಇಮ್ಮಡಿಯಾಯಿತು, ಕೊನೆಗೆ ಪೂರ್ತಿ ಕ್ಷಮೆ ಕೇಳಬೇಕಾಯಿತು.

ಈ ಪಾಠವನ್ನು ನಾವು ಕಲಿತದ್ದು ಒಬ್ಬ ಅಜ್ಜಿಯಿಂದ. ಒಂದು ರಾತ್ರಿ ವಿಮಾನ ಆರು ಗಂಟೆ ತಡವಾಯಿತು. ಪೈಲಟ್‌ಗಳ ಕೆಲಸದ ಅವಧಿ ಮುಗಿದಿತ್ತು, ಬೇರೆಯವರು ಬರಬೇಕಿತ್ತು. ನಾವು ಬರೆದುಕೊಟ್ಟದ್ದು 'ಆಪರೇಷನಲ್ ಕಾರಣ' ಎಂದು. ಮಗನನ್ನು ನೋಡಲು ಹೊರಟಿದ್ದ ಆ ಅಜ್ಜಿ ಹತ್ತಿರ ಬಂದು ಕೇಳಿದರು: "ಆಪರೇಷನ್ ಯಾರಿಗೆ ಮಗಾ? ಪೈಲಟ್‌ಗಾ?" ನಮಗೆ ನಗು ಬಂತು, ಮರುಕ್ಷಣ ನಾಚಿಕೆಯಾಯಿತು. ನಿಜವನ್ನು ಅವರ ಮಾತಿನಲ್ಲೇ ಹೇಳಿದೆವು. ಅವರು "ಹಾಗಾದರೆ ನಿದ್ದೆಗೆಟ್ಟವರು ಓಡಿಸುವುದು ಬೇಡ" ಎಂದು ಹೋಗಿ ಕುಳಿತರು.

ಪೋಷಕರೇ, ನಿಮ್ಮ ಮಗಳಿಗೆ ಕನ್ನಡ, ಬ್ಯಾರಿ, ಉರ್ದು, ತುಳು, ಇಂಗ್ಲಿಷ್ ಬಂದರೆ ಈ ಕೆಲಸದಲ್ಲಿ ಅದು ದೊಡ್ಡ ಬಂಡವಾಳ. ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಪದವಿಯಲ್ಲಿ ಪತ್ರಿಕೋದ್ಯಮ ತೆಗೆದುಕೊಳ್ಳಬಹುದು. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ವಿಭಾಗವಿದೆ. ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕದ ಡಿಪ್ಲೊಮಾ ಇದೆ. ವಿಮಾನ ಕಂಪನಿಗಳಲ್ಲಿ ಈ ವಿಭಾಗ ಚಿಕ್ಕದು. ಹೆಚ್ಚಿನವರು ಪತ್ರಿಕೆಯಲ್ಲೋ ಪಿ.ಆರ್. ಸಂಸ್ಥೆಯಲ್ಲೋ ಕೆಲವು ವರ್ಷ ದುಡಿದು ಬರುತ್ತಾರೆ. ಆದ್ದರಿಂದ 'ಏವಿಯೇಷನ್ ಕೋರ್ಸ್, ಕೆಲಸ ಗ್ಯಾರಂಟಿ' ಎಂಬ ಬೋರ್ಡ್ ನೋಡಿ ಲಕ್ಷಗಟ್ಟಲೆ ಕಟ್ಟಬೇಡಿ. ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆಂದು ಮೊದಲು ವಿಚಾರಿಸಿ. ಹಬ್ಬದ ದಿನವೂ ಫೋನ್ ಬರುವ ಕೆಲಸ ಇದು, ಅದೂ ತಿಳಿದಿರಲಿ.

ದಾನಿಗಳಲ್ಲಿ ಒಂದು ಅರಿಕೆ. ಶುಲ್ಕ ಕಟ್ಟಿದರಷ್ಟೇ ಸಾಲದು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಸಂಬಳವಿಲ್ಲದೆ ಇಂಟರ್ನ್‌ಶಿಪ್ ಮಾಡುವ ಎರಡು ಮೂರು ತಿಂಗಳಲ್ಲೇ ಬಡಮಕ್ಕಳು ಹಿಂದೆ ಉಳಿಯುತ್ತಾರೆ. ಆ ತಿಂಗಳುಗಳ ಬಾಡಿಗೆ, ಊಟ, ಒಂದು ಲ್ಯಾಪ್‌ಟಾಪ್, ಇಷ್ಟನ್ನೂ ವಿದ್ಯಾರ್ಥಿವೇತನದಲ್ಲಿ ಸೇರಿಸಿಕೊಳ್ಳಿ. ಮುಂದೊಂದು ದಿನ ವಿಮಾನ ನಿಲ್ದಾಣದಲ್ಲಿ ಕಂಗಾಲಾಗಿ ನಿಂತ ನಮ್ಮಂಥವರಿಗೆ ನಮ್ಮ ಭಾಷೆಯಲ್ಲೇ ನಿಜ ಹೇಳುವವರು ಈ ಮಕ್ಕಳಾಗಲಿ.