ಊರ ಕಾವಲು, ಠಾಣೆಯ ಹೊಣೆ

(ಪಾಂಡವಪುರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವನು ಪೊಲೀಸ್ ಠಾಣೆಯ ವಿಷಯ ಮಾತನಾಡಲು ನಿಂತರೆ ಕೆಲವರಿಗೆ ವಿಚಿತ್ರವೆನಿಸಬಹುದು. ಬೆಳೆ ನಷ್ಟಕ್ಕೆ ನಾವು ಸಾಮಾನ್ಯವಾಗಿ ಕಳೆ, ಕೀಟ, ರೋಗ, ಹವಾಮಾನ ಎಂಬ ನಾಲ್ಕು ಕಾರಣಗಳನ್ನು ಹೇಳುತ್ತೇವೆ. ಐದನೆಯದೊಂದಿದೆ, ಅದು ಕಳವು. ಕೊಳವೆ ಬಾವಿಯ ಕೇಬಲನ್ನು ರಾತ್ರಿ ಯಾರೋ ಕತ್ತರಿಸಿಕೊಂಡು ಹೋದರೆ ನಷ್ಟವಾಗುವುದು ಕೇಬಲಿನ ಬೆಲೆ ಮಾತ್ರವಲ್ಲ. ಭತ್ತ ಹೊಡೆಯಾಗುವ ಹಂತದಿಂದ ಹೂ ಬಿಡುವವರೆಗೆ ನೀರಿನ ಕೊರತೆಯನ್ನು ತಾಳದು. ಆ ದಿನಗಳಲ್ಲಿ ಗದ್ದೆ ಒಣಗಿದರೆ ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ಆಮೇಲೆ ಎಷ್ಟು ನೀರು ಕೊಟ್ಟರೂ ಹೋದ ಕಾಳು ಬಾರದು. ಕಳ್ಳನಿಗೆ ಸಿಗುವುದು ಕೆಲವು ಕಿಲೋ ತಾಮ್ರ, ರೈತನಿಗೆ ಹೋಗುವುದು ಒಂದು ಹಂಗಾಮಿನ ದುಡಿಮೆ. ಆದುದರಿಂದ ಹೊಲದ ಕಾವಲೂ ಬೇಸಾಯದ ಒಂದು ಭಾಗವೇ ಆಗಿದೆ.

ಊರಿನ ಜನರೂ ಪೊಲೀಸರೂ ಕೂಡಿ ಊರಿನ ರಕ್ಷಣೆ ನೋಡಿಕೊಳ್ಳುವ ಕ್ರಮಕ್ಕೆ ಸಮುದಾಯ ಪೊಲೀಸ್ ವ್ಯವಸ್ಥೆ ಎಂದು ಹೆಸರು. ಇದರಿಂದ ನಿಜವಾಗಿ ಎಷ್ಟು ಪ್ರಯೋಜನ, ಯಾವಾಗ ಪ್ರಯೋಜನ, ಯಾವಾಗ ಅಪಾಯ ಎಂಬುದನ್ನು ಈ ದಿನ ಪರಿಶೀಲಿಸೋಣ.

ಹಿಂದಿನ ಏರ್ಪಾಟು

ಇದು ನಮಗೆ ತೀರಾ ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರಿದ್ದರು. ಅವರಲ್ಲಿ ತಳವಾರನ ಕೆಲಸ ಅಪರಾಧಗಳ ಸುದ್ದಿ ತಿಳಿಯುವುದು ಮತ್ತು ದಾರಿಹೋಕರಿಗೆ ಬೆಂಗಾವಲಾಗುವುದು. ತೋಟಿಯ ಕೆಲಸ ಬೆಳೆ ಕಾಯುವುದು. ನೀರಗಂಟಿಯ ಕೆಲಸ ಕೆರೆಯ ನೀರನ್ನು ಸರದಿಯಂತೆ ಹಂಚುವುದು. ಸುಗ್ಗಿಯಲ್ಲಿ ಕಣದಲ್ಲಿಯೇ ಇವರ ಆಯವನ್ನು ಅಳೆದು ಕೊಡುತ್ತಿದ್ದರು. ಬೆಳೆ ಉಳಿದರೆ ಕಾಯುವವನಿಗೂ ಪಾಲು ಸಿಗುತ್ತಿತ್ತು.

ಈ ಪದ್ಧತಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಅದು ಹುಟ್ಟಿನಿಂದ ಹೆಗಲೇರಿದ ಚಾಕರಿಯಾಗಿತ್ತು, ಜಾತಿಗೆ ಕಟ್ಟಿದ ಕೆಲಸವಾಗಿತ್ತು. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಈ ಹುದ್ದೆಗಳು ರದ್ದಾದುದು ನ್ಯಾಯವೇ. ಆದರೆ ಹುದ್ದೆ ಹೋದರೂ ಕೆಲಸ ಉಳಿಯಿತು. ಅದನ್ನು ಮಾಡುವವರು ಯಾರು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಇನ್ನೂ ಸಿಕ್ಕಿಲ್ಲ.

ಕಾನೂನಿನಲ್ಲಿರುವ ಅವಕಾಶ

ಉತ್ತರ ಹುಡುಕುವ ಪ್ರಯತ್ನಗಳು ನಡೆದಿವೆ. 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯಿದೆ ಬಂದಿತು. ಅದರಂತೆ ಹಳ್ಳಿಗಳಲ್ಲಿ ಸ್ವಯಂಸೇವಕರ ದಳ ರಚಿಸಬಹುದು. ಅದರ ಮುಖ್ಯಸ್ಥನಿಗೆ ದಳಪತಿ ಎಂದು ಹೆಸರು. 2017ರಲ್ಲಿ ರಾಜ್ಯದ ಪೊಲೀಸ್ ಇಲಾಖೆಯು ಸುಧಾರಿತ ಬೀಟ್ ವ್ಯವಸ್ಥೆಯನ್ನು ತಂದು, ಒಂದೊಂದು ಪ್ರದೇಶವನ್ನು ಒಬ್ಬೊಬ್ಬ ಸಿಬ್ಬಂದಿಯ ಹೊಣೆಗೆ ಒಪ್ಪಿಸಿ, ಊರಿನವರನ್ನು ಬೀಟ್ ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಕ್ರಮ ಮಾಡಿತು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಆರಂಭವಾಯಿತು. ನೆರೆಯ ಕೇರಳದಲ್ಲಿ 2008ರಿಂದ ‘ಜನಮೈತ್ರಿ’ ಯೋಜನೆ ನಡೆದಿದೆ.

ಅವಕಾಶ ಇದ್ದಮಾತ್ರಕ್ಕೆ ವಿಶ್ವಾಸ ಹುಟ್ಟುವುದಿಲ್ಲ. ನಮ್ಮ ರೈತರಿಗೆ ಪೊಲೀಸರೊಡನೆ ಇರುವ ನೆನಪು ಸಿಹಿಯಾದುದೇನಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರಾಯಿತು. ಅದೇ ವರ್ಷ ರೈತ ಸಂಘ ಹುಟ್ಟಿತು. ಮುಂದೆ ಅನೇಕ ಹಳ್ಳಿಗಳ ಬಾಗಿಲಲ್ಲಿ, ಅನುಮತಿ ಪಡೆಯದೆ ಅಧಿಕಾರಿಗಳು ಒಳಗೆ ಬರಕೂಡದೆಂಬ ಫಲಕಗಳು ನಿಂತವು. ಅಂತಹ ಫಲಕ ನಿಂತಿದ್ದ ಸೀಮೆಯಲ್ಲಿ ‘ಪೊಲೀಸರು ನಿಮ್ಮ ಮಿತ್ರರು’ ಎಂದು ಹೇಳಿದೊಡನೆ ಜನ ನಂಬಬೇಕೆಂದರೆ ಹೇಗೆ? ನಂಬಿಕೆಯನ್ನು ಕೆಲಸದಿಂದ ಗಳಿಸಬೇಕಾಗುತ್ತದೆ.

ಪ್ರಯೋಗ ಏನು ಹೇಳುತ್ತದೆ?

ಹೊಸ ತಳಿ ಬಂದಾಗ ನಾವು ಅದನ್ನು ಸುಮ್ಮನೆ ಶಿಫಾರಸು ಮಾಡುವುದಿಲ್ಲ. ಕೆಲವು ತಾಕುಗಳಲ್ಲಿ ಹೊಸ ತಳಿ, ಕೆಲವು ತಾಕುಗಳಲ್ಲಿ ಹಳೆಯದು ಹಾಕಿ, ಯಾವ ತಾಕಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಇಳುವರಿ ಹೋಲಿಸುತ್ತೇವೆ. ಸಮುದಾಯ ಪೊಲೀಸ್ ವ್ಯವಸ್ಥೆಯನ್ನೂ ಇದೇ ರೀತಿ ಪರೀಕ್ಷಿಸಿದ್ದಾರೆ. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡಾ ಎಂಬ ಆರು ದೇಶಗಳ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಸಭೆ ನಡೆಸಿದರು, ಗಸ್ತು ಹೆಚ್ಚಿಸಿದರು, ದೂರು ಹೇಳಲು ಹೊಸ ದಾರಿಗಳನ್ನು ಮಾಡಿದರು. ಆದರೂ ಒಟ್ಟಾರೆ ಅಪರಾಧ ಕಡಿಮೆಯಾಗಲಿಲ್ಲ, ಪೊಲೀಸರ ಮೇಲಿನ ನಂಬಿಕೆಯೂ ಹೆಚ್ಚಲಿಲ್ಲ.

ಇದರಿಂದ ನಿರಾಶರಾಗಬೇಕಿಲ್ಲ. ತಳಿ ಸೋತಾಗ ಏಕೆ ಸೋತಿತು ಎಂದು ನೋಡುವುದು ನಮ್ಮ ಪದ್ಧತಿ. ಸಂಶೋಧಕರು ಹೇಳಿದ ಕಾರಣಗಳು ಮುಖ್ಯವಾಗಿ ಮೂರು. ಮೇಲಧಿಕಾರಿಗಳ ಬೆಂಬಲ ಕೊನೆಯವರೆಗೆ ಉಳಿಯಲಿಲ್ಲ. ಅಧಿಕಾರಿಗಳು, ಸಿಬ್ಬಂದಿ ಮೇಲಿಂದ ಮೇಲೆ ವರ್ಗವಾದರು. ಜನ ಹೇಳಿದ ತೊಂದರೆಗಳನ್ನು ಬೆನ್ನಟ್ಟಿ ಪರಿಹರಿಸಲು ಸಾಕಷ್ಟು ಅನುಕೂಲವಿರಲಿಲ್ಲ. ಬಿತ್ತನೆ ಮಾಡಿ ನೀರು ಕಟ್ಟದೆ ಬಿಟ್ಟಂತಾಯಿತು ಎನ್ನಬಹುದು. ಸಭೆ ಕರೆಯುವುದು ಬಿತ್ತನೆ. ಹೇಳಿದ ದೂರಿಗೆ ಉತ್ತರ ಕೊಡುವುದು ನೀರು. ನೀರಿಲ್ಲದ ಬಿತ್ತನೆ ಮೊಳೆತರೂ ತೆನೆ ಕಟ್ಟದು.

ನಮ್ಮ ಕಣ್ಣಿಗೆ ಬೀಳದ್ದು

ಹೊಣೆ ಠಾಣೆಯದು ಮಾತ್ರವಲ್ಲ. 2023ರ ಕೊನೆಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂದಿತು. ಆಲೆಮನೆಯೊಂದರಲ್ಲಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣವನ್ನು ಪತ್ತೆ ಹಚ್ಚುತ್ತಿದ್ದರೆಂದು ಪೊಲೀಸರು ಹೇಳಿದರು. ಜಾಲದ ಸುಳಿವು ಹಿಡಿದವರು ಬೆಂಗಳೂರಿನ ಬೈಯಪ್ಪನಹಳ್ಳಿ ಠಾಣೆಯವರು. 2024ರ ಮೇ ತಿಂಗಳಲ್ಲಿ ಪಾಂಡವಪುರ ಪಟ್ಟಣದಲ್ಲಿಯೇ, ಆರೋಗ್ಯ ಇಲಾಖೆಯ ವಸತಿಗೃಹದಲ್ಲಿ ಇಂತಹುದೇ ಕೃತ್ಯ ನಡೆದ ಆರೋಪದ ಮೇಲೆ ಬಂಧನಗಳಾದವು.

ಆಲೆಮನೆ ಊರಾಚೆ ಇದ್ದರೂ ಕಾಡಿನಲ್ಲಿರುವುದಿಲ್ಲ. ಸುತ್ತ ಗದ್ದೆಗಳಿರುತ್ತವೆ, ಗದ್ದೆಗೆ ನೀರು ಕಟ್ಟಲು ಹೋಗುವವರಿರುತ್ತಾರೆ. ಕಬ್ಬಿನ ಗಾಡಿ ಬರುವ ಜಾಗಕ್ಕೆ ಗರ್ಭಿಣಿಯರನ್ನು ಕೂರಿಸಿಕೊಂಡ ಕಾರು ಬಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲವೇ? ಕೇಬಲ್ ಕಳ್ಳ ಹೊರಗಿನವನು, ಅವನನ್ನು ಹಿಡಿದುಕೊಡಲು ಊರೆಲ್ಲ ಮುಂದಾಗುತ್ತದೆ. ಮನೆಯವರೇ, ನೆಂಟರೇ, ಪರಿಚಯದವರೇ ಮಾಡುವ ಅಪರಾಧಕ್ಕೆ ಮಾತ್ರ ‘ನಮಗೇಕೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಊರ ಕಾವಲಿನ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಹೊರಗಿನವರನ್ನು ಮಾತ್ರ ನೋಡುವ ಕಾವಲು ಅರ್ಧ ಕಾವಲು. ಹೆಂಗಸರಿಲ್ಲದ ಬೀಟ್ ಸಮಿತಿಗೆ ಇಂತಹ ಸುದ್ದಿ ಎಂದೂ ತಲುಪದು.

ಎಚ್ಚರ ವಹಿಸಬೇಕಾದುದು

ಕಾವಲೆಂದರೆ ದಂಡನೆಯಲ್ಲ ಎಂಬುದನ್ನು ಮರೆಯಲಾಗದು. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿಯೂ ಜನರು ಗುಂಪುಗೂಡಿ ನಿರಪರಾಧಿಗಳನ್ನು ಹೊಡೆದು ಕೊಂದರು. ಹೊಡೆದವರು ತಾವು ಊರನ್ನು ಕಾಯುತ್ತಿದ್ದೇವೆಂದೇ ತಿಳಿದಿದ್ದರು. ಕಬ್ಬು ಕಡಿಯಲು, ಆಲೆಮನೆಯಲ್ಲಿ ದುಡಿಯಲು ಹೊರ ಊರುಗಳಿಂದ ಬರುವ ಕೂಲಿಕಾರರು ಭಾಷೆ ಬೇರೆಯೆಂಬ ಕಾರಣಕ್ಕೆ ಸಂಶಯಕ್ಕೆ ಒಳಗಾಗಬಾರದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ, ಜಾಮೀನಿಲ್ಲದ ಹಾಗೂ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವನ್ನು ಕಣ್ಣೆದುರಿಗೆ ಮಾಡಿದವನನ್ನು ಸಾಮಾನ್ಯ ಪ್ರಜೆಯೂ ಹಿಡಿಯಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸತಕ್ಕದ್ದು. ಮರಕ್ಕೆ ಕಟ್ಟಿ ಹೊಡೆಯಲು ಯಾವ ಕಾನೂನಿನಲ್ಲಿಯೂ ಅವಕಾಶವಿಲ್ಲ. ಹಾಗೆಯೇ ಬೆಳೆ ಕಾಯಲೆಂದು ತಂತಿ ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವುದೂ ಅಪರಾಧ. ಆ ಬೇಲಿಗೆ ಕಳ್ಳ ಯಾರು, ನೀರು ಕಟ್ಟಲು ಬಂದ ಪಕ್ಕದ ಹೊಲದವನು ಯಾರು ಎಂಬುದು ತಿಳಿಯದು.

ಅನುಸರಿಸಬೇಕಾದ ಕ್ರಮಗಳು

1. ಪಂಪ್‌ಸೆಟ್ಟಿನ ಮೋಟಾರು, ಸ್ಟಾರ್ಟರುಗಳ ಸಂಖ್ಯೆ ಬರೆದಿಡಿ. ಖರೀದಿ ರಸೀದಿ ಜೋಪಾನವಾಗಿರಲಿ. ಮೋಟಾರಿನ ಮೇಲೆ ನಿಮ್ಮದೇ ಗುರುತನ್ನು ಕೊರೆಸಿ. ಸಿಕ್ಕ ಮಾಲು ನಿಮ್ಮದೆಂದು ತೋರಿಸಲು ಇವು ಬೇಕಾಗುತ್ತವೆ.

2. ಕಳವಾದ ದಿನವೇ ದೂರು ಕೊಡಿ. ತುರ್ತು ಇದ್ದರೆ 112ಕ್ಕೆ ಕರೆ ಮಾಡಿ. ಟಿ.ಸಿ. ಅಥವಾ ಲೈನಿಗೆ ಧಕ್ಕೆಯಾಗಿದ್ದರೆ ಮುಟ್ಟದೆ 1912ಕ್ಕೂ ತಿಳಿಸಿ. ಸಣ್ಣ ಕಳವೆಂದು ಸುಮ್ಮನಾದರೆ ಠಾಣೆಯ ಲೆಕ್ಕದಲ್ಲಿ ನಿಮ್ಮ ಊರಿನಲ್ಲಿ ಕಳವೇ ಇಲ್ಲವೆಂದಾಗುತ್ತದೆ, ಗಸ್ತು ಬೇರೆಡೆಗೆ ಹೋಗುತ್ತದೆ.

3. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರನ ಹಕ್ಕು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ತಿಳಿಸುವುದು ಪೊಲೀಸರ ಕರ್ತವ್ಯ. ದೂರು ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳುಹಿಸಿ.

4. ಬೀಟ್ ಸಮಿತಿಯಲ್ಲಿ ಹೆಂಗಸರೂ, ಎಲ್ಲ ಕೇರಿಗಳವರೂ, ಕೂಲಿಕಾರರ ಮೇಸ್ತ್ರಿಯೂ ಇರಲಿ. ಒಂದೇ ಪಕ್ಷದ ಅಥವಾ ಒಂದೇ ಮನೆತನದ ಸಮಿತಿ ಹಳೆಯ ದ್ವೇಷ ತೀರಿಸಿಕೊಳ್ಳುವ ಸಾಧನವಾದೀತು.

5. ತಿಂಗಳ ಸಭೆಗೆ ಒಂದು ಪುಸ್ತಕವಿಡಿ. ಎಡಗಡೆ ‘ಹೇಳಿದ್ದು’, ಬಲಗಡೆ ‘ಆದದ್ದು’ ಎಂದು ಬರೆಯಿರಿ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದಿ. ಬಲಗಡೆ ಖಾಲಿ ಉಳಿದರೆ ಠಾಣಾಧಿಕಾರಿಯನ್ನು ಮರ್ಯಾದೆಯಿಂದಲೇ, ಆದರೆ ಬಿಡದೆ ಕೇಳಿ. ಬೀಟ್ ಸಿಬ್ಬಂದಿ ವರ್ಗವಾದರೆ ಹೊಸಬರ ಕೈಗೆ ಮೊದಲು ಕೊಡಬೇಕಾದುದು ಈ ಪುಸ್ತಕವೇ.

6. ಹೆಸರು ಹೇಳಿ ದೂರು ಕೊಡಲು ಅಂಜಿಕೆಯಾಗುವಂತಹ ವಿಷಯಗಳನ್ನು ಸಭೆಯಲ್ಲಿ ಆಡಬೇಡಿ, ಪುಸ್ತಕದಲ್ಲಿಯೂ ಬರೆಯಬೇಡಿ. ಹೆಣ್ಣು ಭ್ರೂಣಹತ್ಯೆ, ಬಾಲ್ಯವಿವಾಹ, ಮನೆಯೊಳಗಿನ ಹಿಂಸೆ ಇಂತಹವು. ಇವನ್ನು ನೇರವಾಗಿ ಅಧಿಕಾರಿಗೆ ತಿಳಿಸಿ. ಮಕ್ಕಳ ವಿಷಯವಾದರೆ 1098ಕ್ಕೆ ಕರೆ ಮಾಡಬಹುದು.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಮಾತು. ನೀವು ಹೊಲದಿಂದ ಹೊಲಕ್ಕೆ ಹೋಗುವವರು. ಕಳವಿನ ಸುದ್ದಿ ಠಾಣೆಗಿಂತ ಮೊದಲು ನಿಮಗೆ ತಿಳಿಯುತ್ತದೆ. ಪೊಲೀಸರ ಗುಪ್ತ ದೂತರಾಗುವುದು ನಿಮ್ಮ ಕೆಲಸವಲ್ಲ, ಹಾಗಾದರೆ ರೈತರು ನಿಮಗೆ ಬೆಳೆಯ ರೋಗವನ್ನೂ ಹೇಳಲಾರರು. ದೂರು ಬರೆಯಲು ತಿಳಿಯದವರಿಗೆ ನೆರವಾಗುವುದು, ಹಕ್ಕುಗಳನ್ನು ತಿಳಿಸಿ ಹೇಳುವುದು, ಇಷ್ಟಾದರೆ ಸಾಕು.

ಬಾಂಧವರೇ, ನಾಲೆಯ ನೀರಿನ ಸರದಿಯನ್ನು ಎಲ್ಲರೂ ಪಾಲಿಸಿದಾಗ ಮಾತ್ರ ಕೊನೆಯಂಚಿನ ಗದ್ದೆಗೂ ನೀರು ಮುಟ್ಟುತ್ತದೆ. ಊರ ಕಾವಲೂ ಹಾಗೆಯೇ. ಮೇಲ್ಗಡೆ ಠಾಣೆಯವರು ಉತ್ತರ ಕೊಡುವ ಹೊಣೆ ಹೊರಬೇಕು. ಕೆಳಗಡೆ ನಾವು, ತಪ್ಪು ಮಾಡಿದವನು ನಮ್ಮವನೇ ಆದರೂ, ಹೇಳುವ ಧೈರ್ಯ ತೋರಬೇಕು. ಎರಡೂ ಕೂಡಿದರೆ ಈ ವ್ಯವಸ್ಥೆ ಫಲ ಕೊಡುತ್ತದೆ. ಒಂದು ತಪ್ಪಿದರೂ ಅದು ಕಾಗದದ ಮೇಲಿನ ಪಟ್ಟಿಯಾಗಿ ಉಳಿಯುತ್ತದೆ. ಈ ತಿಂಗಳ ಸಭೆಗೆ ನಿಮ್ಮ ಊರಿನಲ್ಲಿ ಆ ಪುಸ್ತಕವನ್ನು ತೆರೆಯಿರೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.