ಡಾಕ್ಟರೇಟ್ ಬಂತು, ಮುಂದೇನು?

(ಪದವೀಧರರು ಮತ್ತು ಪೋಷಕರಿಗಾಗಿ ಏರ್ಪಡಿಸಲಾಗಿದ್ದ ಶೈಕ್ಷಣಿಕ ಸಭೆಯಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಕೆಲವು ತಿಂಗಳ ಹಿಂದೆ ಮದುವೆ ಸಮಾರಂಭವೊಂದರಲ್ಲಿ ತಾಯಿಯೊಬ್ಬರು ನನ್ನ ಬಳಿ ಬಂದು, “ಸರ್, ಮಗಳಿಗೆ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಬಂತು. ಊರಿನವರು ಕರೆದು ಸನ್ಮಾನವನ್ನೂ ಮಾಡಿದರು. ಈಗ ಇನ್ನೂ ಎರಡು ವರ್ಷ ಬೇರೆ ಕಡೆ ಹೋಗಿ ಸಂಶೋಧನೆ ಮಾಡಬೇಕು ಅನ್ನುತ್ತಾಳೆ. ಈ ಓದು ಮುಗಿಯುವುದೇ ಇಲ್ಲವಾ?” ಎಂದು ಕೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಆತಂಕವಿತ್ತು. ನಿಂತ ನಿಲುವಿನಲ್ಲಿ ಎರಡು ಮಾತಿನಲ್ಲಿ ಉತ್ತರಿಸಿ ಬಂದೆ. ಆದರೆ ಆ ಉತ್ತರ ಸಾಲದು ಎಂದು ಅಂದಿನಿಂದಲೂ ಮನಸ್ಸು ಹೇಳುತ್ತಿದೆ. ಇಂದಿನ ನನ್ನ ಮಾತುಗಳು ಆ ತಾಯಿಗೆ ನಾನು ಕೊಡಬೇಕಾಗಿದ್ದ ಪೂರ್ಣ ಉತ್ತರವೆಂದು ತಿಳಿಯಿರಿ.

ಪಿಎಚ್.ಡಿ. ಪಡೆದವರನ್ನು ಶಾಲು ಹೊದಿಸಿ ಸನ್ಮಾನಿಸುವುದನ್ನು ನಾವು ಕಲಿತಿದ್ದೇವೆ. ಅದು ಸಂತೋಷದ ವಿಷಯ. ಆದರೆ ಸನ್ಮಾನದ ಮರುದಿನ ಆ ಯುವಕ ಅಥವಾ ಯುವತಿ ಏನು ಮಾಡಬೇಕು, ಮುಂದಿನ ಎರಡು ಮೂರು ವರ್ಷ ಯಾರ ಹಣದಲ್ಲಿ ಬದುಕಬೇಕು ಎಂಬ ಪ್ರಶ್ನೆಯನ್ನು ನಾವು ಕೇಳುವುದಿಲ್ಲ. ನಮ್ಮ ಎಷ್ಟೋ ಪ್ರತಿಭೆಗಳು ಸಂಶೋಧನೆಯ ದಾರಿ ಬಿಟ್ಟು ಹೋಗುವುದು ಇಲ್ಲಿಯೇ.

ಓದಲ್ಲ, ಉದ್ಯೋಗ

ಪಿಎಚ್.ಡಿ.ಯ ನಂತರ ಹಿರಿಯ ವಿಜ್ಞಾನಿ ಅಥವಾ ವಿದ್ವಾಂಸರೊಬ್ಬರ ಜೊತೆಯಲ್ಲಿದ್ದು, ವೇತನ ಪಡೆದು, ನಿಗದಿತ ಅವಧಿಗೆ ಮಾಡುವ ಸಂಶೋಧನೆಗೆ ಪೋಸ್ಟ್ ಡಾಕ್ಟರಲ್ ಸಂಶೋಧನೆ ಎನ್ನುತ್ತಾರೆ. ಇಲ್ಲಿ ಪರೀಕ್ಷೆಯಿಲ್ಲ, ಹೊಸ ಪದವಿಯೂ ಇಲ್ಲ. ಗುರುವಿನ ಕೈ ಹಿಡಿದು ನಡೆದವನು ಸ್ವಂತ ಕಾಲ ಮೇಲೆ ನಿಲ್ಲಲು ಕಲಿಯುವ ಅವಧಿಯಿದು. ಆದ್ದರಿಂದ ಇದನ್ನು ಓದು ಎನ್ನುವುದಕ್ಕಿಂತ ತಾತ್ಕಾಲಿಕ ಉದ್ಯೋಗ ಎನ್ನುವುದೇ ಸರಿ.

ಅದರ ವೇತನ ಎಷ್ಟು? ಕೇಂದ್ರ ಸರಕಾರವು 2023ರ ಜೂನ್‌ನಲ್ಲಿ ಸಂಶೋಧಕರ ಶಿಷ್ಯವೇತನವನ್ನು ಪರಿಷ್ಕರಿಸಿತು. ಅದರಂತೆ ಪಿಎಚ್.ಡಿ. ಮುಗಿಸಿದ ರಿಸರ್ಚ್ ಅಸೋಸಿಯೇಟ್‌ಗಳಿಗೆ ಮೂರು ಶ್ರೇಣಿಗಳಲ್ಲಿ ತಿಂಗಳಿಗೆ 58,000, 61,000 ಮತ್ತು 67,000 ರೂಪಾಯಿ ನಿಗದಿಯಾಯಿತು. ಮನೆ ಬಾಡಿಗೆ ಭತ್ತೆ ಇದರ ಹೊರತು. ಗಲ್ಫ್‌ನ ಸಂಬಳಕ್ಕೆ ಹೋಲಿಸಿದರೆ ಇದು ದೊಡ್ಡದೆನಿಸದಿರಬಹುದು. ಆದರೆ ಮಗಳು ಮನೆಯ ಖರ್ಚಿನಲ್ಲಿ ಓದುತ್ತಿದ್ದಾಳೆ ಎಂದು ಕೊರಗುವ ತಂದೆಗೆ ಈ ಅಂಕಿ ಗೊತ್ತಿರಬೇಕು.

ಇದರ ಪ್ರಯೋಜನವೇನು? ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಲ್ಲಿ, ವಿ.ವಿ.ಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವಾಗ ಬೋಧನೆ ಅಥವಾ ಪೋಸ್ಟ್ ಡಾಕ್ಟರಲ್ ಅನುಭವದ ಪ್ರತಿ ವರ್ಷಕ್ಕೆ 2ರಂತೆ ಗರಿಷ್ಠ 10 ಅಂಕಗಳನ್ನು ಇಡಲಾಗಿತ್ತು. 2025ರ ಜನವರಿಯಲ್ಲಿ ಆಯೋಗವು ಹೊಸ ಕರಡನ್ನು ಹೊರಡಿಸಿದ್ದರಿಂದ ಅಂಕಗಳ ಲೆಕ್ಕ ಬದಲಾಗಬಹುದು. ಆದರೆ ಒಳ್ಳೆಯ ಸಂಶೋಧನಾ ಸಂಸ್ಥೆಗಳು ವಿಜ್ಞಾನ ವಿಭಾಗದಲ್ಲಿ ಈ ಅನುಭವವಿಲ್ಲದವರನ್ನು ಅಧ್ಯಾಪಕರನ್ನಾಗಿ ತೆಗೆದುಕೊಳ್ಳುವುದು ಅಪರೂಪ.

ಹಣ ಎಲ್ಲಿದೆ?

ಅಲ್ಪಸಂಖ್ಯಾತ ಸಂಶೋಧಕರಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪನ್ನು 2022-23ರಿಂದ ನಿಲ್ಲಿಸಲಾಗಿದೆಯೆಂದು ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಇತರ ಯೋಜನೆಗಳೊಂದಿಗೆ ಇದು ಪುನರಾವರ್ತನೆಯಾಗುತ್ತಿದೆ ಎಂಬುದು ಕಾರಣ. ಈ ಕಾರಣವನ್ನು ನಾನು ಒಪ್ಪುವುದಿಲ್ಲ. ಒಂದು ಮನೆಗೆ ಎರಡು ಬಾಗಿಲುಗಳಿದ್ದರೆ ಒಂದನ್ನು ಮುಚ್ಚುವುದು ಮನೆಯವರಿಗೆ ಉಪಕಾರವಾಗುವುದಿಲ್ಲ. ಅದನ್ನು ಪ್ರಶ್ನಿಸುವ ಕೆಲಸ ನಡೆಯಲಿ. ಆದರೆ ಇದನ್ನೂ ಗಮನಿಸಿ: ಆ ಫೆಲೋಶಿಪ್ ಇದ್ದದ್ದು ಪಿಎಚ್.ಡಿ.ಯವರೆಗೆ ಮಾತ್ರ. ಅದರಾಚೆಯ ಹಂತದಲ್ಲಿ ನಮ್ಮ ಮಕ್ಕಳು ಅಂದೂ ಎಲ್ಲರೊಂದಿಗೆ ಸ್ಪರ್ಧಿಸಬೇಕಿತ್ತು, ಇಂದೂ ಸ್ಪರ್ಧಿಸಬೇಕು. ಆ ಸ್ಪರ್ಧೆಯ ಬಾಗಿಲುಗಳು ತೆರೆದಿವೆ. ಅವು ಎಲ್ಲಿವೆ ಎಂಬುದು ನಮಗೆ ಗೊತ್ತಿಲ್ಲದಿದ್ದರೆ ತಪ್ಪು ಯಾರದು?

ವಿಜ್ಞಾನ ಮತ್ತು ಎಂಜಿನಿಯರಿಂಗ್‌ನವರಿಗೆ ಎರಡು ವರ್ಷಗಳ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಇದೆ. ಮೊದಲು ಇದನ್ನು ಸರ್ಬ್ ಎಂಬ ಮಂಡಳಿ ಕೊಡುತ್ತಿತ್ತು. 2023ರ ಕಾಯ್ದೆಯಂತೆ ಆ ಮಂಡಳಿಯು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ವಿಲೀನವಾಯಿತು. ಜೀವವಿಜ್ಞಾನದವರಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ ರಿಸರ್ಚ್ ಅಸೋಸಿಯೇಟ್‌ಶಿಪ್ ಇದ್ದು, ಅದರ ನಿರ್ವಹಣೆ ನಡೆಯುತ್ತಾ ಬಂದಿರುವುದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಅದೇ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಹೆಸರಿನ ಫೆಲೋಶಿಪ್ ಇದೆ. ಸಮಾಜಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರದವರಿಗೆ ದಿಲ್ಲಿಯಲ್ಲಿರುವ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯಿದೆ. ಭಾಷೆ, ಮಾನವಿಕ, ವಿಜ್ಞಾನ ಎಲ್ಲವನ್ನೂ ಒಳಗೊಂಡ ಡಾ. ರಾಧಾಕೃಷ್ಣನ್ ಪೋಸ್ಟ್ ಡಾಕ್ಟರಲ್ ಫೆಲೋಶಿಪನ್ನು ಯು.ಜಿ.ಸಿ. 2022ರ ಸೆಪ್ಟೆಂಬರ್ 5ರಂದು ಪ್ರಕಟಿಸಿತು. ಅದರಲ್ಲಿ 900 ಸ್ಥಾನಗಳು, ಅವುಗಳಲ್ಲಿ ಶೇ. 30 ಮಹಿಳೆಯರಿಗೆ.

ವಿದೇಶಕ್ಕೆ ಹೋಗುವವರಿಗೆ ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನ, ಐರೋಪ್ಯ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್, ಜಪಾನಿನ ಜೆ.ಎಸ್.ಪಿ.ಎಸ್. ಮುಂತಾದವು ಇವೆ. ಇವು ಯಾವ ಧರ್ಮದವನು ಎಂದು ನೋಡುವುದಿಲ್ಲ, ಕೆಲಸವನ್ನು ನೋಡುತ್ತವೆ. ಹಂಬೋಲ್ಟ್‌ನವರು ಜೊತೆಗೆ ಹೋಗುವ ಪತಿ ಅಥವಾ ಪತ್ನಿಗೂ ಜರ್ಮನ್ ಭಾಷೆ ಕಲಿಸಲು ನೆರವು ನೀಡುತ್ತಾರೆ. ಹೊರಗೆ ಹೋದವರು ಮರಳಿ ಬರುವುದಕ್ಕೂ ದಾರಿಯಿದೆ. ಜೀವವಿಜ್ಞಾನದವರಿಗೆ ಐದು ವರ್ಷಗಳ ರಾಮಲಿಂಗಸ್ವಾಮಿ ಫೆಲೋಶಿಪ್ ಅಂಥದ್ದು.

ಒಂದು ಎಚ್ಚರಿಕೆ. ವಿದೇಶದಲ್ಲಿ ಪೋಸ್ಟ್ ಡಾಕ್ಟರಲ್ ಸ್ಥಾನ ಕೊಡಿಸುತ್ತೇನೆ, ಇಷ್ಟು ಲಕ್ಷ ಕೊಡಿ ಎನ್ನುವವರು ಪಟ್ಟಣಗಳಲ್ಲಿ ಓಡಾಡುತ್ತಾರೆ. ನಾನು ಹೇಳಿದ ಯಾವ ಫೆಲೋಶಿಪ್‌ಗೂ ದಲ್ಲಾಳಿಯ ಅಗತ್ಯವಿಲ್ಲ. ಇಲ್ಲಿ ಹಣ ಸಂಶೋಧಕನಿಗೆ ಬರಬೇಕೇ ಹೊರತು ಅವನಿಂದ ಹೋಗಬಾರದು. ಹಣ ಪಡೆದು ವಾರದೊಳಗೆ ಲೇಖನ ಪ್ರಕಟಿಸುವ ನಕಲಿ ಪತ್ರಿಕೆಗಳ ವಿಷಯದಲ್ಲೂ ಹೀಗೆಯೇ ಜಾಗ್ರತೆ ಬೇಕು. ಯು.ಜಿ.ಸಿ.ಯು ಒಪ್ಪಿತ ಪತ್ರಿಕೆಗಳ ಪಟ್ಟಿಯನ್ನೇ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿರುವುದರಿಂದ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸುವ ಹೊಣೆ ಈಗ ಸಂಶೋಧಕ ಮತ್ತು ಅವನ ಸಂಸ್ಥೆಯ ಮೇಲಿದೆ.

ಗಡಿಯಾರ ಕಾಯುವುದಿಲ್ಲ

ವಿದ್ಯಾರ್ಥಿ ಮಿತ್ರರೇ, ಈ ಎಲ್ಲ ಫೆಲೋಶಿಪ್‌ಗಳ ಪಕ್ಕದಲ್ಲಿ ಒಂದು ಗಡಿಯಾರವಿದೆ. ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ ಸಾಮಾನ್ಯ ವಯೋಮಿತಿ 35 ವರ್ಷ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ವಿಕಲಚೇತನರಿಗೆ ಐದು ವರ್ಷಗಳ ವಿನಾಯಿತಿ ಸಿಗುತ್ತಾ ಬಂದಿದೆ. ಜೀವನದಲ್ಲಿ ಒಮ್ಮೆ ಮಾತ್ರ ಇದನ್ನು ಪಡೆಯಬಹುದು. ಮೇರಿ ಕ್ಯೂರಿಗೆ ವಯಸ್ಸಿನ ಮಿತಿಯಿಲ್ಲ, ಆದರೆ ಪಿಎಚ್.ಡಿ. ಪಡೆದು 8 ವರ್ಷಗಳೊಳಗೆ ಇರಬೇಕು. ಜಪಾನಿನವರ ಗಡುವು 6 ವರ್ಷ. ಪಿಎಚ್.ಡಿ.ಯನ್ನು ಎಳೆದಾಡುತ್ತಾ ಏಳೆಂಟು ವರ್ಷ ಕಳೆಯುವವನು ಈ ಗಡಿಯಾರವನ್ನು ಮರೆತಿರುತ್ತಾನೆ.

ಹಿಂದುಳಿದ ವರ್ಗದ ವಿನಾಯಿತಿಯ ಕುರಿತು ಒಂದು ಮಾತು. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ಕೇಂದ್ರದ ಯೋಜನೆಗೆ ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು. ಕೊನೆಯ ವಾರದಲ್ಲಿ ತಾಲೂಕು ಕಚೇರಿಗೆ ಓಡಿದರೆ ಅದು ಕೈಗೆ ಸಿಗುವಷ್ಟರಲ್ಲಿ ಅರ್ಜಿಯ ದಿನ ದಾಟಿರುತ್ತದೆ.

ಇದನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಯೌವನದಲ್ಲಿ ಒಂದು ಫೆಲೋಶಿಪ್‌ಗೆ ಅರ್ಜಿ ಸಿದ್ಧಪಡಿಸಿದ್ದೆ. ಸಂಸ್ಥೆಯ ಮುಖ್ಯಸ್ಥರ ಸಹಿಯಿರುವ ಒಪ್ಪಿಗೆ ಪತ್ರವೊಂದು ಬಾಕಿಯಿತ್ತು. ಗಡುವಿಗೆ ನಾಲ್ಕು ದಿನ ಇದ್ದಾಗ ಆ ಕಾಗದವನ್ನು ಕಚೇರಿಗೆ ಕೊಟ್ಟೆ. ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಸಹಿಯಾಗಿ ಬಂದಾಗ ಹತ್ತು ದಿನ ಕಳೆದಿತ್ತು. ಆ ಸಿಟ್ಟು ನನ್ನಲ್ಲಿ ಬಹುಕಾಲ ಉಳಿದಿತ್ತು. ಕಚೇರಿಗಳು ನಿಧಾನವಾಗಿಯೇ ಕೆಲಸ ಮಾಡುತ್ತವೆ ಎಂಬುದು ಗೊತ್ತಿದ್ದೂ ನಾಲ್ಕೇ ದಿನ ಉಳಿಸಿಕೊಂಡವನು ನಾನು ಎಂಬುದು ಅರಿವಾದದ್ದು ಎಷ್ಟೋ ವರ್ಷಗಳ ನಂತರ.

ಆದ್ದರಿಂದ ಪಿಎಚ್.ಡಿ.ಯ ಕೊನೆಯ ವರ್ಷದಲ್ಲಿಯೇ ಸಿದ್ಧತೆ ಆರಂಭವಾಗಬೇಕು. ನಿಮ್ಮ ಕೆಲಸಕ್ಕೆ ಹೊಂದುವ ಮೂರ್ನಾಲ್ಕು ಮಾರ್ಗದರ್ಶಕರನ್ನು ಗುರುತಿಸಿ, ಅವರ ಇತ್ತೀಚಿನ ಲೇಖನಗಳನ್ನು ಓದಿ, ಬಳಿಕ ಪತ್ರ ಬರೆಯಿರಿ. ನೂರು ಮಂದಿಗೆ ಒಂದೇ ಪತ್ರದ ನಕಲು ಕಳುಹಿಸಿದರೆ ಒಬ್ಬರೂ ಉತ್ತರಿಸುವುದಿಲ್ಲ. ಸಾಮಾನ್ಯವಾಗಿ ಪಿಎಚ್.ಡಿ. ಮಾಡಿದ ಸಂಸ್ಥೆಯನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಗುತ್ತದೆ ಎಂಬುದನ್ನೂ ಮನೆಯವರಿಗೆ ಮೊದಲೇ ತಿಳಿಸಿರಿ.

ವಿಶ್ವವಿದ್ಯಾನಿಲಯದೊಳಗೆ ನಿಮಗೆ ಸಲ್ಲಬೇಕಾದದ್ದನ್ನು ಕೇಳಿ ಪಡೆಯಿರಿ. ಅಮೆರಿಕದ ಅನೇಕ ವಿ.ವಿ.ಗಳಲ್ಲಿ ಪೋಸ್ಟ್ ಡಾಕ್ಟರಲ್ ಸಂಶೋಧಕರಿಗೆಂದೇ ಪ್ರತ್ಯೇಕ ಕಚೇರಿಯಿರುತ್ತದೆ. ಅರ್ಜಿ ತಿದ್ದಿಕೊಡುವುದು, ಸಂದರ್ಶನದ ತರಬೇತಿ, ವೀಸಾ ಸಲಹೆ ಎಲ್ಲವೂ ಅಲ್ಲಿ ಸಿಗುತ್ತವೆ. ನಮ್ಮಲ್ಲಿ ಅದು ವಿರಳ. ಆದರೂ ಯು.ಜಿ.ಸಿ.ಯು 2022ರಲ್ಲಿ ವಿ.ವಿ.ಗಳು ಸಂಶೋಧನೆ ಮತ್ತು ಅಭಿವೃದ್ಧಿ ಕೋಶ ತೆರೆಯುವಂತೆ ಮಾರ್ಗಸೂಚಿ ನೀಡಿದೆ. ನಿಮ್ಮ ವಿ.ವಿ.ಯಲ್ಲಿ ಅದು ಎಲ್ಲಿದೆ ಎಂದು ಹುಡುಕಿ, ಬಾಗಿಲು ತಟ್ಟಿ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 2025ರ ಜನವರಿಯಿಂದ ಸರಕಾರಿ ವಿ.ವಿ.ಗಳಿಗೂ ಕಾಲೇಜುಗಳಿಗೂ ಸುಮಾರು 13,000 ಸಂಶೋಧನಾ ಪತ್ರಿಕೆಗಳು ದೊರೆಯುವಂತಾಗಿದೆ. ಸಣ್ಣ ಊರಿನ ಗ್ರಂಥಾಲಯದಲ್ಲಿ ಕುಳಿತವನಿಗೂ ಈಗ ಆ ಕೊರತೆಯ ನೆಪ ಉಳಿದಿಲ್ಲ. ಬೆಂಗಳೂರಿನ ಇಂಡಿಯಾ ಬಯೋಸೈನ್ಸ್ ಸಂಸ್ಥೆಯು ಜೀವವಿಜ್ಞಾನದ ಉದ್ಯೋಗ ಮತ್ತು ಅನುದಾನಗಳ ಮಾಹಿತಿಯನ್ನು ಉಚಿತವಾಗಿ ಒದಗಿಸುತ್ತಿದೆ.

ಹೆಣ್ಣುಮಕ್ಕಳ ವಿಷಯ

ಪಿಎಚ್.ಡಿ. ಮುಗಿಯುವ ವಯಸ್ಸೂ ಮದುವೆ, ಬಾಣಂತನದ ವಯಸ್ಸೂ ಒಂದೇ ಆಗಿರುತ್ತದೆ. ಗಂಡುಮಕ್ಕಳಿಗೆ ಗಡಿಯಾರ ಒಂದು, ಹೆಣ್ಣುಮಕ್ಕಳಿಗೆ ಎರಡು. ಇದನ್ನು ಬಲ್ಲವರು ಕೆಲವು ವ್ಯವಸ್ಥೆಗಳನ್ನು ಮಾಡಿದ್ದಾರೆ. ವೃತ್ತಿಯಲ್ಲಿ ವಿರಾಮ ಬಂದ ಮಹಿಳೆಯರನ್ನು ಸಂಶೋಧನೆಗೆ ಮರಳಿ ಕರೆತರುವ ಯೋಜನೆಯನ್ನು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2002-03ರಲ್ಲಿ ಆರಂಭಿಸಿತು. ಬಳಿಕ ಬಂದ ‘ವೈಸ್-ಕಿರಣ್’ ಯೋಜನೆಯಲ್ಲಿ ಮಹಿಳೆಯರಿಗೆಂದೇ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಸೇರಿತು. ಮೇರಿ ಕ್ಯೂರಿಯ 8 ವರ್ಷಗಳ ಲೆಕ್ಕದಲ್ಲಿ ಮಗುವಿನ ಪಾಲನೆಗೆ ಪಡೆದ ವಿರಾಮವನ್ನು ಕಳೆಯಲಾಗುತ್ತದೆ.

ಯೋಜನೆಗಳು ಕಾಯಬಹುದು. ಮನೆಯವರು ಕಾಯುತ್ತಾರೆಯೇ? ಮದುವೆಯ ಮಾತುಕತೆಯಲ್ಲಿ ‘ಹುಡುಗಿ ಡಾಕ್ಟರೇಟ್’ ಎಂದು ಹೆಮ್ಮೆಯಿಂದ ಹೇಳುವ ನಾವು, ‘ಮುಂದಿನ ಎರಡು ವರ್ಷ ಆಕೆಗೆ ಹೈದರಾಬಾದಿನಲ್ಲೋ ಪುಣೆಯಲ್ಲೋ ಕೆಲಸವಿದೆ’ ಎಂಬುದನ್ನು ಅಡಗಿಸಿಡುತ್ತೇವೆ. ಮದುವೆಯ ನಂತರ ಆ ಮಾತು ಜಗಳವಾಗಿ ಹೊರಬರುತ್ತದೆ. ಅದನ್ನು ಮೊದಲೇ ಮುಚ್ಚುಮರೆಯಿಲ್ಲದೆ ಹೇಳುವುದು ಹೆಣ್ಣು ಹೆತ್ತವರ ಕರ್ತವ್ಯ. ಕೇಳಿ ಒಪ್ಪಿದ ಮೇಲೆ ಮಾತಿಗೆ ತಪ್ಪದಿರುವುದು ಗಂಡಿನ ಕಡೆಯವರ ಕರ್ತವ್ಯ.

ಜಮಾಅತ್ ಏನು ಮಾಡಬಹುದು?

ಪಿಎಚ್.ಡಿ.ಯ ಶಿಷ್ಯವೇತನ ಐದು ವರ್ಷಕ್ಕೆ ನಿಲ್ಲುತ್ತದೆ. ಪ್ರಬಂಧ ಸಲ್ಲಿಸಿ, ಮೌಲ್ಯಮಾಪನವಾಗಿ, ಹೊಸ ಫೆಲೋಶಿಪ್ ಮಂಜೂರಾಗಿ ಮೊದಲ ಹಣ ಕೈಸೇರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಮಂಜೂರಾದ ಹಣವೂ ತಡವಾಗುವುದುಂಟು. ಮೌಲಾನಾ ಆಝಾದ್ ಫೆಲೋಶಿಪ್‌ನ ಹಳೆಯ ಫಲಾನುಭವಿಗಳು ತಿಂಗಳುಗಟ್ಟಲೆ ಹಣ ಬಾರದೆ ಪರದಾಡಿದ್ದು 2025ರಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಈ ಅಂತರದಲ್ಲಿಯೇ ಬಡ ಮನೆಯ ಸಂಶೋಧಕನು ಸಿಕ್ಕಿದ ಕೆಲಸಕ್ಕೆ ಸೇರಿ, ಮತ್ತೆಂದೂ ಪ್ರಯೋಗಾಲಯಕ್ಕೆ ಮರಳುವುದಿಲ್ಲ.

ನಮ್ಮ ಜಮಾಅತ್‌ಗಳು ಮದುವೆಗೆ, ಚಿಕಿತ್ಸೆಗೆ ನೆರವು ನೀಡುತ್ತಿವೆ. ಆರು ತಿಂಗಳ ಖರ್ಚಿಗೆ ಬಡ್ಡಿರಹಿತ ಸಾಲ, ಕರ್ಝೆ ಹಸನ್, ಸಂಶೋಧಕರಿಗೂ ಕೊಡಲಾಗದೇ? ಇದು ದಾನವಲ್ಲ, ಫೆಲೋಶಿಪ್ ಬಂದಾಗ ಮರಳಿ ಬರುವ ಹಣ. ಅದು ಮತ್ತೊಬ್ಬರಿಗೆ ಸಲ್ಲುತ್ತದೆ. ಸನ್ಮಾನ ಸಮಾರಂಭದ ಶಾಮಿಯಾನ, ಊಟ, ಸ್ಮರಣಿಕೆಯ ಖರ್ಚನ್ನು ಒಮ್ಮೆ ಲೆಕ್ಕ ಹಾಕಿ ನೋಡಿರಿ. ನಿಧಿಗೆ ಮೊದಲ ಕಂತು ಅದರಲ್ಲಿಯೇ ಇದೆ.

ಕೊನೆಯದಾಗಿ, ಎಲ್ಲರೂ ಪೋಸ್ಟ್ ಡಾಕ್ಟರಲ್ ಸಂಶೋಧನೆಗೆ ಹೋಗಲೇಬೇಕೆಂದು ನಾನು ಹೇಳುವುದಿಲ್ಲ. ಔಷಧ ಕಂಪೆನಿಗಳು, ಪೇಟೆಂಟ್ ಕೆಲಸ, ವಿಜ್ಞಾನ ಬರವಣಿಗೆ, ಕಾಲೇಜು ಅಧ್ಯಾಪನ ಇವೆಲ್ಲವೂ ಗೌರವದ ದಾರಿಗಳೇ. ಬೇರೆ ದಾರಿ ಗೊತ್ತಿಲ್ಲವೆಂದು ಒಂದು ಫೆಲೋಶಿಪ್‌ನಿಂದ ಇನ್ನೊಂದಕ್ಕೆ ಅಲೆಯುತ್ತಾ ನಲ್ವತ್ತು ದಾಟುವುದು ಸರಿಯಲ್ಲ. ಆಯ್ಕೆ ಮಾಡಿ ಹೋಗಬೇಕು, ಆಯ್ಕೆ ಮಾಡಿ ಬಿಡಬೇಕು. ಮಾಹಿತಿ ಇಲ್ಲದ್ದರಿಂದ ಬಿಡುವಂತಾಗಬಾರದು.

ಆ ತಾಯಿ “ಓದು ಮುಗಿಯುವುದೇ ಇಲ್ಲವಾ” ಎಂದು ಕೇಳಿದ್ದರು. ಅಮ್ಮಾ, ನಿಮ್ಮ ಮಗಳ ಓದು ಮುಗಿದಿದೆ. ಈಗ ಆಕೆಯ ಕೆಲಸ ಆರಂಭವಾಗಿದೆ. ಎರಡು ವರ್ಷ ಆಕೆಗೆ ಬಿಟ್ಟುಕೊಡಿ. ಊರವರು ಆಕೆಗೆ ಹೊದಿಸಿದ ಶಾಲಿನ ಬೆಲೆ ಆಗ ಹೆಚ್ಚುತ್ತದೆ, ಇನ್‌ಶಾ ಅಲ್ಲಾಹ್.