ಶಾಬ್ಲಿ ವೈನು, ನಮ್ಮ ತೊಗರಿ

ಸೇಡಂ, ಚಿತ್ತಾಪುರ, ಶಹಾಬಾದ್ ನೆಲದಡಿ ಸುಣ್ಣದಕಲ್ಲು ಅದ. ವಾಡಿ ಸಿಮೆಂಟು, ಮನಿಗೆ ಹಾಸೋ ಶಹಾಬಾದ್ ಕಲ್ಲು ಎರಡೂ ಅದರದೇ. ಫ್ರಾನ್ಸಿನ ಶಾಬ್ಲಿಯಲ್ಲೂ ಸುಣ್ಣದಕಲ್ಲಿನ ನೆಲವೇ. ಅಲ್ಲಿ ಬೆಳೆಯೋದು ಶಾರ್ಡೊನೆ ದ್ರಾಕ್ಷಿ. ಥಂಡಿ ಹವಾಕ್ಕ ಹಣ್ಣಿನ ಹುಳಿ ಉಳೀತದ. ಸಕ್ಕರೆಯೆಲ್ಲಾ ಹುದುಗಿ ಸಿಹಿಯಿಲ್ಲದ ಬಿಳಿ ವೈನ್ ಆಗ್ತದ. ನಮ್ಮ 40 ಡಿಗ್ರಿ ಬಿಸಿಲಿಗೆ ಆ ಹುಳಿ ನಿಲ್ಲಂಗಿಲ್ಲ. ನಮ್ಮದು ತೊಗರಿ ನಾಡು.

ಆದರೆ ಶಾಬ್ಲಿಯಿಂದ ಕಲಿಯೋದು ಒಂದದ: ಹೆಸರು ಕಾಯೋದು. ಬೇರೆ ಕಡೆಯ ವೈನನ್ನು ಆ ಹೆಸರಲ್ಲಿ ಮಾರಲು ಫ್ರಾನ್ಸಿನ ಕಾನೂನು 1938ರಿಂದ ಬಿಡಂಗಿಲ್ಲ. ಕಲಬುರಗಿ ತೊಗರಿಬೇಳೆಗೂ 2019ರಲ್ಲಿ ಜಿಐ ಟ್ಯಾಗ್ ಬಂದದ. ಚಿಂಚೋಳಿ ರೈತ ತೊಗರಿಯನ್ನು ಹೆಸರಿಲ್ಲದ ಚೀಲದಾಗ ಮಾರಿದ್ರ, ಆ ಟ್ಯಾಗಿನಿಂದ ಅವನ ಕೈಗೇನು ಬಂತು? ಬೇಳೆ ಕೊಳ್ಳುವಾಗ ಊರು ಕೇಳ್ರಿ.